ಪ್ಲಗ್ ಹಾಕುವ ಮನೆಗೆ ತೆರಿಗೆ ಇಳಿಯಲಿ

ಕೊಳ್ಳೇಗಾಲದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 766 ತಿ.ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾದು ಬಂಡೀಪುರದ ಕಾಡು ದಾಟಿ ಕೇರಳದ ಕೋಯಿಕ್ಕೋಡ್ ಸೇರುತ್ತದೆ. ನಂಜನಗೂಡು, ತಿ.ನರಸೀಪುರದ ಬಹುತೇಕ ಮನೆಗಳ ಕಾರಿಗೆ ವರ್ಷದ ಹೆಚ್ಚಿನ ದಿನಗಳಲ್ಲಿ ಈ ರಸ್ತೆಯ ಒಂದು ತುಂಡು ಸಾಕು. ಬೆಳಿಗ್ಗೆ ಮೈಸೂರಿನ ಕಚೇರಿಗೋ ಕಾಲೇಜಿಗೋ ಆಸ್ಪತ್ರೆಗೋ ಹೋಗಿ ಸಂಜೆ ಮರಳಿದರೆ ಒಂದೂರಿನಿಂದ ಸುಮಾರು 50 ಕಿಲೋಮೀಟರ್, ಇನ್ನೊಂದರಿಂದ ಸುಮಾರು 60. ಮದುವೆ, ಬೇಸಿಗೆ ರಜೆ, ಹರಕೆ ಎಂದು ವರ್ಷದಲ್ಲಿ ಕೆಲವು ಸಲ ಮಾತ್ರ ಅದೇ ಕಾರು ಮನೆಮಂದಿಯನ್ನೆಲ್ಲ ತುಂಬಿಕೊಂಡು ಊಟಿ, ವಯನಾಡು, ಧರ್ಮಸ್ಥಳದ ಕಡೆ ಹೊರಡುತ್ತದೆ.

ಇಂಥ ಓಡಾಟಕ್ಕೆ ಹೇಳಿ ಮಾಡಿಸಿದಂತಿರುವ ಕಾರು ಒಂದಿದೆ. ಅದು ಪ್ಲಗ್‌ಇನ್ ಹೈಬ್ರಿಡ್. ಮನೆಯ ಸಾಕೆಟ್‌ನಲ್ಲೇ ಚಾರ್ಜ್ ಮಾಡಬಹುದಾದ ಮಧ್ಯಮ ಗಾತ್ರದ ಬ್ಯಾಟರಿಯೂ ಅದರಲ್ಲಿದೆ, ಪೆಟ್ರೋಲ್ ಎಂಜಿನ್ನೂ ಇದೆ. ಮೊದಲ 50ರಿಂದ 80 ಕಿಲೋಮೀಟರ್ ವಿದ್ಯುತ್ತಿನಲ್ಲಿ ಓಡುತ್ತದೆ. ಚಾರ್ಜ್ ಮುಗಿದರೆ ಎಂಜಿನ್ ಕೆಲಸ ವಹಿಸಿಕೊಳ್ಳುತ್ತದೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನಂಥ ಹೈಬ್ರಿಡ್‌ಗಳು ಬೇರೆ ಬಗೆಯವು. ಅವುಗಳ ಬ್ಯಾಟರಿ ತೀರಾ ಚಿಕ್ಕದು, ಹೊರಗಿನಿಂದ ಚಾರ್ಜ್ ಮಾಡುವಂತಿಲ್ಲ. ಅವು ಪೆಟ್ರೋಲನ್ನು ಚೆನ್ನಾಗಿ ಉಳಿಸುತ್ತವೆ ನಿಜ, ಆದರೆ ಓಡುವುದು ಕೊನೆಗೂ ಪೆಟ್ರೋಲಿನಿಂದಲೇ.

ಲೆಕ್ಕ ಹಾಕಿ ನೋಡಬೇಕು. ನಂಜನಗೂಡಿನಿಂದ ಮೈಸೂರಿಗೆ ಹೋಗಿಬರಲು ದೊಡ್ಡ ಪ್ಲಗ್‌ಇನ್ ಕಾರಿಗೆ ಸುಮಾರು ಹತ್ತು ಯೂನಿಟ್ ವಿದ್ಯುತ್ ಬೇಕು. ಯೂನಿಟ್‌ಗೆ ಆರು ರೂಪಾಯಿಯ ಆಸುಪಾಸು ಹಿಡಿದರೆ ಅರವತ್ತು ರೂಪಾಯಿ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಅಷ್ಟೇ ದೂರಕ್ಕೆ ಮುನ್ನೂರು ರೂಪಾಯಿ ದಾಟುತ್ತದೆ. ತಿಂಗಳಿಗೆ 22 ದಿನ ಓಡಾಡುವವರಿಗೆ ಉಳಿತಾಯ ಐದು ಸಾವಿರ ರೂಪಾಯಿಗೆ ಕಡಿಮೆ ಇಲ್ಲ.

ಅಷ್ಟಾದರೆ ಪೂರ್ತಿ ವಿದ್ಯುತ್ ಕಾರನ್ನೇ ಕೊಳ್ಳಬಾರದೇಕೆ? ಮನೆಯಲ್ಲಿ ಎರಡನೇ ಕಾರಿದ್ದವರು ಖಂಡಿತ ಕೊಳ್ಳಬಹುದು. ಒಂದೇ ಕಾರಿನ ಮನೆಯ ಕಷ್ಟ ಬಂಡೀಪುರದಲ್ಲಿ ಅರ್ಥವಾಗುತ್ತದೆ. ಈ ಹೆದ್ದಾರಿಯ ಕಾಡಿನ ಭಾಗದಲ್ಲಿ 2009ರಿಂದಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಕಾಡಿನ ಪ್ರಾಣಿಗಳ ಜೀವ ಉಳಿಸುವ ಆ ನಿಷೇಧ ಇರಲೇಬೇಕು. ಆದರೆ ಕೋಯಿಕ್ಕೋಡಿನಿಂದ ತಾಮರಶ್ಶೇರಿ ಘಾಟಿ ಹತ್ತಿ ಬರುವ ಕುಟುಂಬಕ್ಕೆ ದಾರಿಯಲ್ಲಿ ಚಾರ್ಜರ್ ಕೆಟ್ಟಿದ್ದರೆ, ಮುಂದೆ ಎರಡು ಕಾರು ಸಾಲುಗಟ್ಟಿದ್ದರೆ, ಒಂದು ಗಂಟೆ ಕೈತಪ್ಪುತ್ತದೆ. ಒಂಬತ್ತಕ್ಕೆ ಗೇಟು ಬಿದ್ದರೆ ವಯಸ್ಸಾದ ತಂದೆತಾಯಿ, ನಿದ್ದೆಗಣ್ಣಿನ ಮಕ್ಕಳ ಜೊತೆ ರಾತ್ರಿಯಿಡೀ ಆಚೆಯೇ ಉಳಿಯಬೇಕು. ಪ್ಲಗ್‌ಇನ್ ಕಾರಿನವರಿಗೆ ಈ ಆತಂಕವಿಲ್ಲ, ಐದು ನಿಮಿಷ ಬಂಕಿನಲ್ಲಿ ನಿಂತರೆ ಸಾಕು.

ಇಷ್ಟು ಒಪ್ಪುವ ಕಾರು ಈ ಊರುಗಳ ಬೀದಿಯಲ್ಲಿ ಯಾಕೆ ಕಾಣುವುದಿಲ್ಲ? ಭಾರತಕ್ಕೆ ಈವರೆಗೆ ಬಂದಿರುವ ಪ್ಲಗ್‌ಇನ್ ಹೈಬ್ರಿಡ್‌ಗಳು ಹೆಚ್ಚುಕಡಿಮೆ ಎಲ್ಲವೂ ಸಿರಿವಂತರ ಕಾರುಗಳು. 2022ರ ಕೊನೆಯಲ್ಲಿ ಬಂದ ಬಿಎಂಡಬ್ಲ್ಯು ಎಕ್ಸ್‌ಎಂ ಬೆಲೆ ಎರಡೂವರೆ ಕೋಟಿಗೂ ಮೇಲೆ. ಬೆಂಗಳೂರಿನ ಬಳಿಯ ತನ್ನ ಘಟಕದಲ್ಲೇ ಪ್ಲಗ್‌ಇನ್ ಕಾರು ಜೋಡಿಸುವುದಾಗಿ ವೋಲ್ವೊ 2018ರಲ್ಲಿ ಪ್ರಕಟಿಸಿತ್ತು. ಆಮೇಲೆ ಅದು ಒತ್ತು ಕೊಟ್ಟದ್ದು ಪೂರ್ಣ ವಿದ್ಯುತ್ ಕಾರುಗಳಿಗೆ. ಕಂಪನಿಗಳನ್ನು ದೂರಿ ಫಲವಿಲ್ಲ, ಕಾರಣ ತೆರಿಗೆಯಲ್ಲಿದೆ. ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ 5. ನಾಲ್ಕು ಮೀಟರ್‌ಗಿಂತ ಉದ್ದದ ಹೈಬ್ರಿಡ್‌ಗೆ ಸೆಸ್ ಸೇರಿ ಶೇ 43 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40 ಆಯಿತು. ದಿನಕ್ಕೆ 50 ಕಿಲೋಮೀಟರ್ ಒಂದು ಹನಿ ಪೆಟ್ರೋಲ್ ಸುಡದೆ ಓಡಬಲ್ಲ ಕಾರೂ, ಲೀಟರಿಗೆ ಹತ್ತು ಕಿಲೋಮೀಟರ್ ಕೊಡುವ ಭಾರಿ ಎಸ್‌ಯುವಿಯೂ ಸರ್ಕಾರದ ಕಣ್ಣಿಗೆ ಒಂದೇ. ಇದು ಅನ್ಯಾಯದ ಲೆಕ್ಕ. ಉತ್ತರ ಪ್ರದೇಶ 2024ರ ಜುಲೈನಲ್ಲಿ ಹೈಬ್ರಿಡ್, ಪ್ಲಗ್‌ಇನ್ ಎರಡಕ್ಕೂ ನೋಂದಣಿ ತೆರಿಗೆ ಮನ್ನಾ ಮಾಡಿತು. ಹೈಬ್ರಿಡ್ ಕಾರುಗಳು ತಯಾರಾಗುವ ಕರ್ನಾಟಕವೂ ಆ ದಾರಿ ಹಿಡಿಯಬೇಕು.

ಹಾಗೆಂದು ಕಣ್ಣುಮುಚ್ಚಿ ರಿಯಾಯಿತಿ ಕೊಡುವುದೂ ತಪ್ಪು. ಯುರೋಪಿನ ಅನುಭವ ಅದನ್ನೇ ಹೇಳುತ್ತದೆ. ಅಲ್ಲಿ ತೆರಿಗೆ ವಿನಾಯಿತಿಯ ಆಸೆಗೆ ಲಕ್ಷಾಂತರ ಜನ, ಕಂಪನಿಗಳು ಪ್ಲಗ್‌ಇನ್ ಕಾರು ಕೊಂಡರು, ಹಲವರು ಪ್ಲಗ್ ಹಾಕುವುದನ್ನೇ ಬಿಟ್ಟರು. ಈ ಕಾರುಗಳು ರಸ್ತೆಯಲ್ಲಿ ಉಗುಳುವ ಇಂಗಾಲ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಎಂದು ಯುರೋಪಿಯನ್ ಆಯೋಗ 2024ರಲ್ಲಿ ವರದಿ ಮಾಡಿತು. ಚಾರ್ಜ್ ಮಾಡದ ಪ್ಲಗ್‌ಇನ್ ಕಾರು ಬ್ಯಾಟರಿಯ ಭಾರವನ್ನು ಸುಮ್ಮನೆ ಹೊತ್ತು ತಿರುಗುತ್ತದೆ. ಚೀನಾ ಈ ವಿಷಯದಲ್ಲಿ ಜಾಣ ದಾರಿ ಹಿಡಿದಿದೆ. ತೆರಿಗೆ ರಿಯಾಯಿತಿ ಬೇಕಾದರೆ ಪ್ಲಗ್‌ಇನ್ ಕಾರು ಬರೀ ವಿದ್ಯುತ್ತಿನಲ್ಲಿ ಕನಿಷ್ಠ 43 ಕಿಲೋಮೀಟರ್ ಓಡಬೇಕೆಂದಿದ್ದ ನಿಯಮವನ್ನು 2026ರಿಂದ 100 ಕಿಲೋಮೀಟರಿಗೆ ಏರಿಸಿದೆ. ನಮ್ಮಲ್ಲೂ ತೆರಿಗೆಯ ಅಳತೆಗೋಲು ಇದೇ ಆಗಬೇಕು. ಬ್ಯಾಟರಿಯಲ್ಲಿ ಎಷ್ಟು ದೂರ ಓಡುತ್ತದೋ ಅಷ್ಟಕ್ಕೆ ತಕ್ಕ ರಿಯಾಯಿತಿ.

ಇನ್ನು ಪ್ಲಗ್ಗಿನ ಮಾತು. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ಸುತ್ತಲಿನ ಹಳೆಯ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಕಾರು ನಿಲ್ಲುವುದು ಜಗುಲಿಯ ಮುಂದೆ, ರಸ್ತೆಯಲ್ಲಿ. ಕಿಟಕಿಯ ಸರಳುಗಳ ನಡುವೆ ಎಕ್ಸ್‌ಟೆನ್ಷನ್ ವೈರ್ ಎಳೆದು ಇಡೀ ರಾತ್ರಿ ಕಾರಿಗೆ ಸಿಕ್ಕಿಸುವುದು ಅಪಾಯ. ಮಳೆ ಬಂದರೆ ಇನ್ನೂ ಅಪಾಯ. ಮೂರು ಕಿಲೋವಾಟ್‌ನಷ್ಟು ವಿದ್ಯುತ್ತನ್ನು ನಾಲ್ಕು ಗಂಟೆ ಒಂದೇ ಸಮನೆ ಎಳೆದರೆ ಸಡಿಲ ಸಾಕೆಟ್ ಕಪ್ಪಗೆ ಕರಗುತ್ತದೆ. ಇದಕ್ಕೆ ಪ್ರತ್ಯೇಕ ದಪ್ಪ ವೈರು, ಸರಿಯಾದ ಅರ್ಥಿಂಗ್, 16 ಆಂಪಿಯರ್ ಸಾಕೆಟ್ ಬೇಕು. ಹಳೆಯ ಮನೆಗಳ ಮಂಜೂರಾದ ಲೋಡ್ ಒಂದೋ ಎರಡೋ ಕಿಲೋವಾಟ್ ಇದ್ದರೆ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿ ಏರಿಸಿಕೊಳ್ಳಬೇಕು.

ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಪ್ರಶ್ನೆಯೂ ಬರುತ್ತದೆ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ಕಾರೊಂದೇ ಅಷ್ಟನ್ನು ನುಂಗುತ್ತದೆ. ಪೆಟ್ರೋಲಿನ ಉಳಿತಾಯದ ಎದುರು ಆ ಬಿಲ್ ಚಿಕ್ಕದೇ. ಆದರೂ ಕಾರಿಗೆ ಬೇರೆ ಮೀಟರ್ ತೊಂದರೆಯಿಲ್ಲದೆ ಸಿಗುವಂತಾದರೆ ಮನೆಯ ದೀಪದ ಲೆಕ್ಕ, ಕಾರಿನ ಲೆಕ್ಕ ಬೇರೆಬೇರೆಯಾಗಿ ಉಳಿಯುತ್ತವೆ. ತಿ.ನರಸೀಪುರದ ಹೊಸ ಬಡಾವಣೆಗಳಂಥ ಕಡೆ, ಮನೆ ಮುಂದೆ ಗೇಟು, ಒಳಗೆ ಕಾರು ನಿಲ್ಲಿಸುವ ಜಾಗ ಇದ್ದರೆ ಇವೆಲ್ಲ ಒಂದು ವಾರದ ಕೆಲಸ.

ರಿಪೇರಿಯ ವಿಷಯದಲ್ಲಿ ಮುಚ್ಚುಮರೆ ಬೇಡ. ಈ ಕಾರಿನಲ್ಲಿ ಎರಡೂ ವ್ಯವಸ್ಥೆ ಇರುವುದರಿಂದ ಎಂಜಿನ್ ಆಯಿಲ್ ಬದಲಿಸುವ ಕೆಲಸ ತಪ್ಪುವುದಿಲ್ಲ, ಬ್ಯಾಟರಿಯ ಕಾಳಜಿಯೂ ಜೊತೆಗಿರುತ್ತದೆ. ಬಾನೆಟ್ ಎತ್ತಿದರೆ ಕಾಣುವ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಹರಿಯುವುದು ನೂರಾರು ವೋಲ್ಟ್. ತರಬೇತಿ ಇಲ್ಲದ ಮೆಕ್ಯಾನಿಕ್ ಅವನ್ನು ಮುಟ್ಟುವಂತಿಲ್ಲ. ಈ ಊರುಗಳ ಐಟಿಐ ಹುಡುಗರಿಗೆ ಈ ಕೆಲಸ ಕಲಿಸದಿದ್ದರೆ ಪ್ರತಿ ಸಣ್ಣ ತೊಂದರೆಗೂ ಮೈಸೂರಿನ ಶೋರೂಮಿಗೆ ಓಡಬೇಕಾಗುತ್ತದೆ.

ಈಗಲೇ ಕಾರು ಕೊಳ್ಳಲೇಬೇಕಾದವರು ಪ್ಲಗ್‌ಇನ್‌ಗಾಗಿ ಕಾಯುತ್ತ ಕೂರುವುದು ಬೇಡ. ಮನೆಯಂಗಳದಲ್ಲಿ ಸಾಕೆಟ್ ಹಾಕಿಸಬಲ್ಲವರು, ದೂರದ ಪ್ರಯಾಣ ಅಪರೂಪವಿದ್ದರೆ, ವಿದ್ಯುತ್ ಕಾರು ನೋಡಲಿ. ಉಳಿದವರಿಗೆ ಬಿಡದಿಯ ಹೈಬ್ರಿಡ್ ಒಳ್ಳೆಯದೇ. ಆದರೆ ದಿನದ ಓಡಾಟ 50–60 ಕಿಲೋಮೀಟರ್ ಇರುವ, ಒಂದೇ ಕಾರಿನಲ್ಲಿ ಎಲ್ಲವನ್ನೂ ತೂಗಿಸಬೇಕಾದ ಸಾವಿರಾರು ಮನೆಗಳು ರಾಜ್ಯದ ತಾಲ್ಲೂಕು ಕೇಂದ್ರಗಳಲ್ಲಿವೆ. ಅವರ ಪರವಾಗಿ ಕರ್ನಾಟಕ ಎರಡು ಕೆಲಸ ಮಾಡಬೇಕು. ಬ್ಯಾಟರಿಯಲ್ಲೇ 60 ಕಿಲೋಮೀಟರ್ ದಾಟುವ ಪ್ಲಗ್‌ಇನ್ ಕಾರಿಗೆ ರಸ್ತೆ ತೆರಿಗೆಯನ್ನು ಅರ್ಧಕ್ಕಿಳಿಸಬೇಕು. ಅಂಥ ಕಾರನ್ನು ಶೇ 18ರ ಹಂತಕ್ಕೆ ತರುವಂತೆ ಜಿಎಸ್‌ಟಿ ಮಂಡಳಿಯ ಮುಂದಿನ ಸಭೆಯಲ್ಲೇ ರಾಜ್ಯದ ಪ್ರತಿನಿಧಿ ಬೇಡಿಕೆ ಇಡಬೇಕು.