ಗಣಕಯಂತ್ರದ ಮುಂದೆ ಕಣ್ಣಿನ ಪಾಡು

ಕನ್ನಡ ನಾಡಿನಲ್ಲಿ ಕಣ್ಣಿನ ಚಿಂತೆಯೆಂದರೆ ಬಹುಕಾಲ ಮುಪ್ಪಿನಲ್ಲಿ ಬೆಳೆಯುವ ಪೊರೆಯ ಚಿಂತೆಯೇ ಆಗಿತ್ತು. ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ನೇತ್ರ ಶಿಬಿರಗಳನ್ನು ನಡೆಸಿ ಅಸಂಖ್ಯ ವೃದ್ಧರಿಗೆ ದೃಷ್ಟಿಯನ್ನು ಮರಳಿಸಿದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಈಗ ಕಣ್ಣುಜ್ಜಿಕೊಳ್ಳುತ್ತಿರುವವರು ಹತ್ತು-ಹನ್ನೆರಡರ ಮಕ್ಕಳು. ಅವರೊಡನೆ, ದಿನವಿಡೀ ಅಂಕಪಟ್ಟಿಗಳನ್ನು ಗಣಕಯಂತ್ರಕ್ಕೆ ತುಂಬಿ ಸಂಜೆಗೆ ತಲೆನೋವು ಹೊತ್ತು ಮನೆಗೆ ಹೋಗುವ ಉಪಾಧ್ಯಾಯರು.

ತೆರೆಯ ಬೆಳಕೇ ಕಣ್ಣನ್ನು ಕೆಡಿಸುತ್ತದೆಂಬ ಭಯ ಬಲವಾಗಿ ಹಬ್ಬಿದೆ. ಆ ಭಯವನ್ನೇ ಬಂಡವಾಳ ಮಾಡಿಕೊಂಡು ನೀಲಿ ಬೆಳಕು ತಡೆಯುವ ಕನ್ನಡಕಗಳು ಮಾರಾಟವಾಗುತ್ತಿವೆ. 17 ಪ್ರಯೋಗಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯಾದರೋ, ಸಾಧಾರಣ ಕನ್ನಡಕಕ್ಕಿಂತ ಅವು ಆಯಾಸವನ್ನು ಹೆಚ್ಚೇನೂ ತಗ್ಗಿಸಲಾರವೆಂದೇ ಕಂಡಿತು. ಆಯಾಸದ ಮೂಲ ಬೇರೆ. ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕುವ ರೆಪ್ಪೆ ತೆರೆಯ ಮುಂದೆ ಅದರ ಅರ್ಧಕ್ಕೂ ಇಳಿಯಬಹುದು; ಆಗ ಕಣ್ಣೀರಿನ ತೆಳುಪದರ ಆರಿ ಉರಿ ಹುಟ್ಟುತ್ತದೆ. ಹತ್ತಿರದ ನೋಟಕ್ಕಾಗಿ ಮಸೂರವನ್ನು ಉಬ್ಬಿಸುವ ಸ್ನಾಯು ಗಂಟೆಗಟ್ಟಲೆ ಬಿಗಿದೇ ಇರುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ನೇತ್ರತಜ್ಞರು ಹೇಳುವುದು ಆ ಬಿಗಿತ ಸಡಿಲವಾಗಲೆಂದೇ. ಇದಕ್ಕೆ ಕಾಸಿನ ವೆಚ್ಚವಿಲ್ಲ. ಆದುದರಿಂದಲೇ ಇರಬೇಕು, ಇದಕ್ಕೆ ಜಾಹೀರಾತೂ ಇಲ್ಲ.

ತೆರೆಯು ಒಂದು ತೋಳಿನಳತೆಯ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಇರಬೇಕು. ಕಿಟಕಿ ಪಕ್ಕಕ್ಕಿರಬೇಕು, ಎದುರಿಗೂ ಬೆನ್ನಿಗೂ ಸಲ್ಲದು. ಯಂತ್ರವನ್ನು ಕೊಡಿಸುವ ಉದಾರಿಗಳು ಅನೇಕರು. ಫಲಕದ ಮೇಲೆ ಅವರ ಹೆಸರು ಶೋಭಿಸುವುದು ನ್ಯಾಯವೇ. ಕಿಟಕಿಯ ಪರದೆಗೆ, ಮಗುವಿನ ಎತ್ತರಕ್ಕೊಪ್ಪುವ ಮೇಜಿಗೆ ದಾನಿ ದೊರೆಯುವುದು ಮಾತ್ರ ಅಪರೂಪ.

ಇದಕ್ಕಿಂತ ಗುರುತರವಾದುದು ಆಟದ ಅವಧಿಯ ಪ್ರಶ್ನೆ. ಆಯಾಸವು ವಿಶ್ರಾಂತಿಯಿಂದ ಹೋಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ಬಂದ ಸಮೀಪದೃಷ್ಟಿ ಹಿಂದಿರುಗದು. ಚೀನದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನ ಚಟುವಟಿಕೆ ದೊರೆತ ಮಕ್ಕಳ ಪೈಕಿ ಮೂರು ವರ್ಷಗಳೊಳಗೆ ಸಮೀಪದೃಷ್ಟಿ ಉಂಟಾದುದು ಶೇ. 30.4 ಮಂದಿಗೆ; ಹಿಂದಿನಂತೆಯೇ ಉಳಿದ ಶಾಲೆಗಳಲ್ಲಿ ಶೇ. 39.5 ಮಂದಿಗೆ. ಇತ್ತ, ವೇಳಾಪಟ್ಟಿಯಲ್ಲಿ ಗಣಕ ಪಾಠಕ್ಕೆ ಸ್ಥಳ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಆಟಕ್ಕೇ. ಮುಂದಿನ ವರ್ಷದ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಮುನ್ನ ಮುಖ್ಯೋಪಾಧ್ಯಾಯರೂ ಆಡಳಿತ ಮಂಡಳಿಯವರೂ ಈ ಎರಡು ಅಂಕಿಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಚಿತ.