ಪಾರ್ಸೆಲ್ ವಾಪಸ್ ಬಂದರೆ ನಷ್ಟ ಯಾರದು?

ಹರಪನಹಳ್ಳಿಯ ವಿಳಾಸ ಬರೆಯುವುದು ಸುಲಭದ ಕೆಲಸ ಅಲ್ಲ. 1997ರವರೆಗೆ ಅದು ಬಳ್ಳಾರಿ ಜಿಲ್ಲೆ. ಆ ವರ್ಷ ದಾವಣಗೆರೆ ಜಿಲ್ಲೆ ಆದಾಗ ಅದಕ್ಕೆ ಸೇರಿತು. 371ಜೆ ಸೌಲಭ್ಯಕ್ಕಾಗಿ 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಊರು ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಬದಲಾಗುತ್ತಾ ಹೋಯಿತು. ಆದರೆ ಅಂಚೆಯ ಪಿನ್ ಕೋಡ್ 583131 ಬದಲಾಗಲಿಲ್ಲ. 1972ರ ಆಗಸ್ಟ್ 15ರಂದು ದೇಶದಲ್ಲಿ ಪಿನ್ ಪದ್ಧತಿ ಬಂದಾಗ ಬಳ್ಳಾರಿ ಸೀಮೆಗೆ ಸಿಕ್ಕಿದ್ದು 583. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಐದೂ ಊರುಗಳ ಪಿನ್ ಇವತ್ತಿಗೂ ಅದೇ ಮೂರು ಅಂಕಿಗಳಿಂದ ಶುರುವಾಗುತ್ತದೆ.

ಪಾರ್ಸೆಲ್ ಕಳಿಸುವ ಸಾಫ್ಟ್‌ವೇರ್‌ಗೆ ಈ ಇತಿಹಾಸ ಗೊತ್ತಿಲ್ಲ. ಅದು ಪಿನ್ ನೋಡುತ್ತದೆ, ತನ್ನ ಪಟ್ಟಿಯಲ್ಲಿರುವ ಜಿಲ್ಲೆಯ ಹೆಸರನ್ನು ತಾನೇ ತುಂಬಿಕೊಳ್ಳುತ್ತದೆ. ‘ಬಳ್ಳಾರಿ’ ಎಂದು ಬಂದರೆ ಗಿರಾಕಿ ಗಾಬರಿಯಾಗಿ ಫೋನ್ ಮಾಡುತ್ತಾರೆ. ಕರಾವಳಿಯಿಂದ ಬಂದು ಈ ಸೀಮೆಯಲ್ಲಿ ಮದ್ರಸ ಪಾಠ ಹೇಳುವ ನಮ್ಮಂಥವರಿಗೂ ಊರಿಂದ ಏನಾದರೂ ತರಿಸುವಾಗ ಇದೇ ಕತೆ. ಪಿನ್ ಸರಿ ಇದ್ದರೆ ಸಾಮಾನು ಬಂದು ಮುಟ್ಟುತ್ತದೆ, ಹೆದರಬೇಡಿ ಎಂದು ಇಲ್ಲೇ ಹೇಳಿಬಿಡುತ್ತೇವೆ.

ವಿಷಯ ಅದಲ್ಲ. ಈ ಐದು ಊರುಗಳಲ್ಲಿ ಮನೆಯಲ್ಲೇ ಕೂತು ವ್ಯಾಪಾರ ಮಾಡುವವರು, ಅದರಲ್ಲೂ ಹೆಂಗಸರು, ಈಗ ತುಂಬಾ ಜನ ಇದ್ದಾರೆ. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹೊಲಿದ ಬುರ್ಖಾ, ತಾಂಡಾಗಳ ಲಂಬಾಣಿ ಕಸೂತಿ ಹೀಗೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹಾಕುತ್ತಾರೆ, ಮಂಗಳೂರು ಉಡುಪಿಯಿಂದಲೂ ಆರ್ಡರ್ ಬರುತ್ತದೆ. ಈ ಪುಟ ಓದುವವರಲ್ಲಿ ಹೆಚ್ಚಿನವರು ಕೊಳ್ಳುವವರ ಕಡೆಯವರು. ಅದಕ್ಕೇ ಮಾರುವವರ ಕಡೆಯಿಂದ ನಾಲ್ಕು ಮಾತು ಹೇಳಬೇಕು ಅಂತ ಅನ್ನಿಸಿದ್ದು.

ಮೊದಲು ಆ ಸಾಫ್ಟ್‌ವೇರ್ ಎಂದರೆ ಎಂತ ಎಂದು ನೋಡುವ. ಶಿಪ್‌ರಾಕೆಟ್‌ನಂಥ ಕಂಪನಿಗಳು ತಾವೇ ಲಾರಿ ಓಡಿಸುವುದಿಲ್ಲ. ಹತ್ತಾರು ಕೊರಿಯರ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಒಂದೇ ಪರದೆಯಲ್ಲಿ ಎಲ್ಲರ ದರ ತೋರಿಸುತ್ತವೆ. ನೀವು ವಿಳಾಸ, ತೂಕ, ಡಬ್ಬದ ಅಳತೆ ಹಾಕಿದರೆ ಯಾರು ಎಷ್ಟಕ್ಕೆ, ಎಷ್ಟು ದಿನಕ್ಕೆ ಮುಟ್ಟಿಸುತ್ತಾರೆ ಎಂದು ಬರುತ್ತದೆ. ಒಂದನ್ನು ಒತ್ತಿದರೆ ಲೇಬಲ್ ಪ್ರಿಂಟ್. ಬೆಂಗಳೂರಲ್ಲಿ ಕೂತವರಿಗೆ ಇದು ದೊಡ್ಡ ವರವೇ ಸರಿ. ಕೊಟ್ಟೂರಿನ ಹತ್ತಿರದ ಹಳ್ಳಿಯ ಪಿನ್ ಹಾಕಿದರೆ ಹತ್ತು ಹೆಸರಿನ ಜಾಗದಲ್ಲಿ ಎರಡೋ ಮೂರೋ ಉಳಿಯುತ್ತವೆ. ಉಳಿದವರಿಗೆ ಅಲ್ಲಿಗೆ ಸೇವೆ ಇಲ್ಲ. ಇದ್ದವರು ಕೂಡ ಮನೆಗೆ ಬಂದು ಎತ್ತಿಕೊಂಡು ಹೋಗಲು ದಿನಕ್ಕೆ ಇಷ್ಟಾದರೂ ಪಾರ್ಸೆಲ್ ಇರಲಿ ಎನ್ನುತ್ತಾರೆ.

ಆ ಹೆಸರುಗಳೂ ಕಡಿಮೆಯಾಗುತ್ತಿವೆ. 2025ರ ಎಪ್ರಿಲ್‌ನಲ್ಲಿ ಡೆಲ್ಲಿವರಿ ಕಂಪನಿ ತನ್ನ ಎದುರಾಳಿ ಇಕಾಮ್ ಎಕ್ಸ್‌ಪ್ರೆಸ್ಸನ್ನು ಸುಮಾರು 1,400 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು, ಕೆಲವೇ ತಿಂಗಳಲ್ಲಿ ವ್ಯವಹಾರ ಮುಗಿಯಿತು. ಮೀಶೋದಂಥ ದೊಡ್ಡ ಮಾರಾಟಗಾರರು ವಾಲ್ಮೊ ಎಂದು ತಮ್ಮದೇ ಸಾಗಾಟದ ಏರ್ಪಾಡು ಮಾಡಿಕೊಂಡರು. ಷೇರುಪೇಟೆಯವರಿಗೆ ಇದು ಒಂದು ದಿನದ ಸುದ್ದಿ. ಹಗರಿಬೊಮ್ಮನಹಳ್ಳಿಯ ಬಟ್ಟೆ ಹೊಲಿಯುವವರಿಗೆ ಮಾತ್ರ ದರ ಕೇಳಲು ಇದ್ದ ಬಾಗಿಲುಗಳಲ್ಲಿ ಒಂದು ಮುಚ್ಚಿದಂತೆ. ಇಬ್ಬರು ಇದ್ದಲ್ಲಿ ಚೌಕಾಸಿ ನಡೆಯುತ್ತದೆ, ಒಬ್ಬನೇ ಇದ್ದಲ್ಲಿ ಅವನು ಹೇಳಿದ್ದೇ ದರ.

ಈಗ ನಿಜವಾದ ನೋವಿಗೆ ಬರುತ್ತೇವೆ. ಕೊರಿಯರ್ ಭಾಷೆಯಲ್ಲಿ ಆರ್‌ಟಿಒ ಎಂದು ಒಂದು ಮಾತುಂಟು. ವಾಹನದ ಆಫೀಸ್ ಅಲ್ಲ ಮಾರಾಯ್ರೆ, ಗಿರಾಕಿ ತಗೊಳ್ಳದೆ ಕಳಿಸಿದವರಿಗೇ ಹಿಂದೆ ಬರುವ ಪಾರ್ಸೆಲ್. ‘ಮನೆಗೆ ಬಂದ ಮೇಲೆ ದುಡ್ಡು’ ಎನ್ನುವ ಸಿಒಡಿ ಆರ್ಡರ್‌ಗಳಲ್ಲಿ ಇದು ಜಾಸ್ತಿ. ಮುಂಗಡ ಕೊಟ್ಟಿರುವುದಿಲ್ಲ. ಪಾರ್ಸೆಲ್ ಬರುವಷ್ಟರಲ್ಲಿ ಆಸೆ ಆರಿರುತ್ತದೆ, ಇಲ್ಲವೇ ಬೇರೆ ಕಡೆ ಐವತ್ತು ರೂಪಾಯಿ ಕಡಿಮೆಗೆ ಸಿಕ್ಕಿರುತ್ತದೆ. ಡೆಲಿವರಿ ಹುಡುಗನಿಗೆ ‘ಬೇಡ’ ಎಂದರೆ ಆಯಿತು. ಕೆಲವರು ಫೋನನ್ನೇ ಎತ್ತುವುದಿಲ್ಲ.

ಲೆಕ್ಕ ಹಾಕಿ ನೋಡಿ. ಅರ್ಧ ಕಿಲೋ ಚಟ್ನಿಪುಡಿಗೆ 250 ರೂಪಾಯಿ ಎಂದು ಇಟ್ಟುಕೊಳ್ಳಿ. ಶೇಂಗಾ, ಬೆಳ್ಳುಳ್ಳಿ, ಗ್ಯಾಸು, ಡಬ್ಬಿ ಕಳೆದು ಉಳಿಯುವುದು 60 ಎನ್ನಿ. ಹೋಗುವ ಬಾಡಿಗೆ 70, ಸಿಒಡಿಗೆ ಬೇರೆ ಶುಲ್ಕ, ಬೇಡ ಎಂದರೆ ಬರುವ ಬಾಡಿಗೆ ಇನ್ನೊಂದು 70. ಒಂದು ಪಾರ್ಸೆಲ್ ವಾಪಸ್ ಬಂದರೆ ಎರಡು ಪಾರ್ಸೆಲ್ ಮಾರಿದ ಲಾಭ ಹೋಯಿತು, ಆದರೂ ಸಾಲಲಿಲ್ಲ. ಹತ್ತು ಹನ್ನೆರಡು ದಿನ ಗೋಡೌನ್‌ಗಳಲ್ಲಿ ಸುತ್ತಿ ಬಂದ ಪುಡಿಯನ್ನು ಇನ್ನೊಬ್ಬರಿಗೆ ಮಾರುವ ಹಾಗೂ ಇಲ್ಲ. ಕೊಟ್ಟೂರಿನ ಒಬ್ಬ ರೊಟ್ಟಿ ಮಾಡುವ ತಾಯಿ ನಮ್ಮ ಹತ್ತಿರ ಹೇಳಿದ್ದು ಒಂದೇ ಮಾತು: “ಬ್ಯಾಡ ಅಂದ್ರ ಬ್ಯಾಡ ಅನ್ಲಿ ಸರ, ಕಳಸೋಕ್ಕಿಂತ ಮೊದ್ಲ ಅನ್ಲಿ.” ದೊಡ್ಡ ಕಂಪನಿಗೆ ಈ ನಷ್ಟ ಸಾವಿರ ಪಾರ್ಸೆಲ್‌ಗಳಲ್ಲಿ ಹಂಚಿಹೋಗುತ್ತದೆ. ಆ ತಾಯಿಗೆ ಅದು ಆ ವಾರದ ಗ್ಯಾಸ್ ಸಿಲಿಂಡರ್.

ಸಿಒಡಿ ಹೊಸದೇನೂ ಅಲ್ಲ. ನಮ್ಮ ಹಿರಿಯರಿಗೆ ವಿಪಿಪಿ ಗೊತ್ತು. ಪೋಸ್ಟ್‌ಮ್ಯಾನ್ ಪುಸ್ತಕವೋ ಔಷಧಿಯೋ ತಂದು ದುಡ್ಡು ವಸೂಲಿ ಮಾಡಿಕೊಂಡು ಹೋಗುತ್ತಿದ್ದ. ಆದರೆ ಅಂಚೆಯವ ಊರಿನವ. ವಿಪಿಪಿ ತರಿಸಿ ಬೇಡ ಎಂದರೆ ಮರುದಿನ ಹೋಟೆಲಲ್ಲಿ ನಾಲ್ಕು ಜನಕ್ಕೆ ಗೊತ್ತಾಗುತ್ತಿತ್ತು. ಈಗಿನ ಹುಡುಗನಿಗೆ ದಿನಕ್ಕೆ ಇಷ್ಟು ಮನೆ ಎಂಬ ಲೆಕ್ಕ, ನಿಮ್ಮ ಮರ್ಯಾದೆಯ ಲೆಕ್ಕ ಅವನ ಹತ್ತಿರ ಇಲ್ಲ.

ಇನ್ನೊಂದು ತೂಕದ ಸಂಗತಿ. ಅಳತೆ ತೂಕದಲ್ಲಿ ಮೋಸ ಬೇಡ ಎಂದು ಮಕ್ಕಳಿಗೆ ಪಾಠ ಹೇಳುವ ನಮಗೆ ಕೊರಿಯರ್‌ನವರ ತಕ್ಕಡಿ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಉತ್ತರ ಕಿಲೋ. ನಿಜವಾದ ತೂಕ, ಈ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಖಡಕ್ ರೊಟ್ಟಿ ಒಡೆಯದ ಹಾಗೆ 30, 30, 20ರ ಡಬ್ಬದಲ್ಲಿ ಇಟ್ಟರೆ ತಕ್ಕಡಿ ಒಂದೂವರೆ ಕಿಲೋ ತೋರಿಸಬಹುದು, ಲೆಕ್ಕ 3.6 ಕಿಲೋ ಆಗುತ್ತದೆ. ಕರಾವಳಿಯಲ್ಲಿ ಚರುಮುರಿ ಎನ್ನುತ್ತೇವಲ್ಲ, ಆ ಮಂಡಕ್ಕಿ ಕಳಿಸುವವರ ಪಾಡು ಕೇಳಲೇಬೇಡಿ. ಲಾರಿಯಲ್ಲಿ ಜಾಗ ಹಿಡಿಯುವುದಕ್ಕೂ ಖರ್ಚುಂಟು, ಹಾಗಾಗಿ ಇದನ್ನು ಮೋಸ ಎಂದು ನಾವು ಹೇಳುವುದಿಲ್ಲ. ಆದರೆ ಕಳಿಸುವವರಿಗೆ ಮೊದಲೇ ಗೊತ್ತಿರಬೇಕು. ಅರ್ಧ ಕಿಲೋ ಎಂದು ದುಡ್ಡು ಕಟ್ಟಿಸಿಕೊಂಡು ಗೋಡೌನ್‌ನಲ್ಲಿ ಮರು ಅಳತೆ ಮಾಡಿ ಖಾತೆಯಿಂದ ಮತ್ತೆ ಕತ್ತರಿಸಿಕೊಂಡರೆ, ಕನ್ನಡ ಮಾತ್ರ ಬಲ್ಲ ಹೆಂಗಸು ಯಾವ ಪರದೆಯಲ್ಲಿ ದೂರು ಕೊಡಬೇಕು? ಪ್ಯಾಕ್ ಮಾಡುವಾಗ ಟೇಪು ಹಿಡಿದು ಅಳತೆಯ ಫೋಟೊ, ತಕ್ಕಡಿಯ ಮೇಲಿಟ್ಟು ತೂಕದ ಫೋಟೊ ತೆಗೆದಿಟ್ಟುಕೊಳ್ಳಿ. ವ್ಯಾಜ್ಯ ಬಂದರೆ ಅದೊಂದೇ ಸಾಕ್ಷಿ.

ಹಾಗಾದರೆ ದಾರಿ ಇಲ್ಲವೇ? ಉಂಟು, ಮತ್ತು ಅದು ಹಳೆಯ ಕಟ್ಟಡದಲ್ಲೇ ಇದೆ. ಅಂಚೆ ಇಲಾಖೆ 2025ರಲ್ಲಿ ಬಹಳ ಬದಲಾಯಿತು. ಇಲಾಖೆಯದೇ ತಂತ್ರಜ್ಞರು ಮಾಡಿದ ಹೊಸ ಸಾಫ್ಟ್‌ವೇರ್ ಆಗಸ್ಟ್ ಹೊತ್ತಿಗೆ ದೇಶದ 1.65 ಲಕ್ಷ ಅಂಚೆ ಕಚೇರಿಗಳಿಗೆ ಬಂತು, ಅದನ್ನು ಮೊದಲು ಓಡಿಸಿ ನೋಡಿದ್ದು ನಮ್ಮ ಕರ್ನಾಟಕ ವೃತ್ತದಲ್ಲೇ. ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನೊಳಗೆ ಸೇರಿತು. ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ಕಾಗದಗಳ ದರ ಬದಲಾಯಿತು, ಬೇಕಾದವರಿಗೆ ಒಟಿಪಿ ಹೇಳಿದರೆ ಮಾತ್ರ ಕೊಡುವ ಸೌಲಭ್ಯವೂ ಬಂತು. ಸ್ಪೀಡ್ ಪೋಸ್ಟ್‌ನಲ್ಲಿ 35 ಕಿಲೋವರೆಗೆ ಕಳಿಸಬಹುದು. ಮುಖ್ಯ ಸಂಗತಿ ಎಂದರೆ ‘ಈ ಪಿನ್‌ಗೆ ಸೇವೆ ಇಲ್ಲ’ ಎಂದು ಅಂಚೆ ಹೇಳುವುದಿಲ್ಲ. ಗುಡೇಕೋಟೆ ಕಡೆಯ ಹಳ್ಳಿಗೂ ಅದು ಹೋಗುತ್ತದೆ.

ಅದೇ ವರ್ಷ ಮೇ ತಿಂಗಳಲ್ಲಿ ಬಂದ ಡಿಜಿಪಿನ್ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದೇ ಇಲ್ಲ. ಐಐಟಿ ಹೈದರಾಬಾದ್ ಮತ್ತು ಇಸ್ರೋದ ದೂರಸಂವೇದಿ ಕೇಂದ್ರದ ಜೊತೆ ಸೇರಿ ಅಂಚೆ ಇಲಾಖೆ ಮಾಡಿದ್ದು. ದೇಶದ ನೆಲವನ್ನೆಲ್ಲ ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಭಾಗ ಮಾಡಿ ಒಂದೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು. ಮನೆ ನಂಬರ್ ಇಲ್ಲದ, ‘ಟ್ಯಾಂಕಿನ ಹಿಂದೆ, ಬೇವಿನಮರದ ಎದುರು’ ಎಂದು ಬರೆಯುವ ಹರಪನಹಳ್ಳಿ ತಾಂಡಾಗಳಿಗೆ ಇಂಥದೊಂದು ಬೇಕಿತ್ತು. ಪಿನ್ ತೆಗೆದು ಇದನ್ನು ಹಾಕಬೇಕಿಲ್ಲ, ಎರಡನ್ನೂ ಬರೆದರೆ ಆಯಿತು.

ಪುಸ್ತಕದ ಮಾತು ಬಂದರೆ ನಮ್ಮ ಸ್ವಂತ ಲಾಭವೂ ಇದೆ ಎಂದು ಒಪ್ಪಿಕೊಳ್ಳುತ್ತೇವೆ, ಪಾಠದ ಪುಸ್ತಕಗಳು ಬರುವುದು ಮಂಗಳೂರಿನಿಂದ. ಪುಸ್ತಕಗಳಿಗಿದ್ದ ಹಳೆಯ ಅಗ್ಗದ ರಿಜಿಸ್ಟರ್ಡ್ ಸೇವೆಯನ್ನು 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ಕಂಗಾಲಾದರು. ಕೂಗು ಎದ್ದ ಮೇಲೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂತು. 300 ಗ್ರಾಂಗೆ 20 ರೂಪಾಯಿಯಿಂದ 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಪಠ್ಯ ಮಾತ್ರವಲ್ಲ, ಧಾರ್ಮಿಕ, ಸಾಂಸ್ಕೃತಿಕ ಪುಸ್ತಕಗಳಿಗೂ ಅನ್ವಯ. ಕೂಗಿದರೆ ಕೇಳುತ್ತಾರೆ ಎಂಬುದಕ್ಕೆ ಇದೊಂದು ಉದಾಹರಣೆ.

ಬಸ್ಸನ್ನು ಮರೆಯಬಾರದು. ಸಾರಿಗೆ ನಿಗಮಗಳು 2021ರ ಫೆಬ್ರವರಿಯಲ್ಲಿ ‘ನಮ್ಮ ಕಾರ್ಗೋ’ ಶುರು ಮಾಡಿದವು, 2023ರ ಡಿಸೆಂಬರ್‌ನಲ್ಲಿ ಲಾರಿಗಳೂ ಬಂದವು. ಹಡಗಲಿ ಮಲ್ಲಿಗೆ ಇದೆಯಲ್ಲ, ಭೌಗೋಳಿಕ ಮಾನ್ಯತೆ ಪಡೆದ ಹೂವು. ಅದಕ್ಕೆ ಮೂರು ದಿನದ ಕೊರಿಯರ್ ಪ್ರಯೋಜನವಿಲ್ಲ, ಸಂಜೆ ಕೊಟ್ಟರೆ ಬೆಳಿಗ್ಗೆ ಸಿಗಬೇಕು. ನಮ್ಮ ಉಡುಪಿಯ ಶಂಕರಪುರ ಮಲ್ಲಿಗೆಗೂ ಅದೇ ಮಾನ್ಯತೆ, ಆದರೆ ಅದು ಮುಂಬಯಿಗೂ ಗಲ್ಫಿಗೂ ಹೋಗುತ್ತದೆ. ಅಲ್ಲಿ ದಿನದ ದರ ನಿಗದಿ ಮಾಡುವ, ಕಟ್ಟಿ ಕಳಿಸುವ ಏರ್ಪಾಡು ಉಂಟು. ಹಡಗಲಿಯ ಹೂವಿಗೆ ಪರಿಮಳ ಕಮ್ಮಿ ಇಲ್ಲ, ದಾರಿ ಕಮ್ಮಿ. ಗದಗಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಶುರುವಾದ ವಿಆರ್‌ಎಲ್ ದೇಶದ ದೊಡ್ಡ ಸಾಗಾಟ ಕಂಪನಿ ಆಗಿದ್ದು ಇದೇ ಬಯಲುಸೀಮೆಯ ಸಾಮಾನು ಹೊತ್ತುಕೊಂಡು. ಸರಕು ಇಲ್ಲ ಎಂದು ಯಾರೂ ಹೇಳಲಾರರು.

ಕೊನೆಯಲ್ಲಿ ತೆರಿಗೆ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದ ಮೇಲೆ ಎಲ್ಲರಿಗೂ ಹೆದರಿಕೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ಒಳಗಿದ್ದರೆ ಜಿಎಸ್‌ಟಿ ನೋಂದಣಿ ಬೇಡ. ಆನ್‌ಲೈನ್ ತಾಣಗಳ ಮೂಲಕ ರಾಜ್ಯದೊಳಗೆ ಮಾರುವ ಸಣ್ಣವರಿಗೂ 2023ರ ಅಕ್ಟೋಬರ್ 1ರಿಂದ ಈ ವಿನಾಯಿತಿ ಸಿಕ್ಕಿದೆ, ಒಂದು ದಾಖಲಾತಿ ಸಂಖ್ಯೆ ತೆಗೆದುಕೊಂಡರೆ ಸಾಕು. ಆದರೆ ರಾಜ್ಯದ ಗಡಿ ದಾಟಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ. ಕೂಡ್ಲಿಗಿಯ ಚಟ್ನಿಪುಡಿ ಉಳ್ಳಾಲಕ್ಕೆ ಬರಬಹುದು, ತಲಪಾಡಿ ದಾಟಿ ಮಂಜೇಶ್ವರಕ್ಕೆ ಹೋಗಬೇಕಾದರೆ ಜಿಎಸ್‌ಟಿ ನಂಬರ್ ಬೇಕು. ಒಂದೇ ಭಾಷೆ, ಒಂದೇ ಸಂಬಂಧ, ನಡುವೆ ಒಂದು ಟೋಲ್‌ಗೇಟ್. ಕೈಕಸೂತಿಯಂಥ ಕರಕುಶಲ ವಸ್ತುಗಳಿಗೆ ಈ ವಿಷಯದಲ್ಲಿ ರಿಯಾಯಿತಿ ಇದೆ, ತಿಂಡಿಗೆ ಇಲ್ಲ. ಆ ರಿಯಾಯಿತಿಯನ್ನು ಮನೆತಿಂಡಿಗೂ ಕೊಡಿ ಎಂದು ನಮ್ಮ ಸಂಸದರು ಕೇಳಬೇಕು.

ಸಾರಿಗೆ ನಿಗಮದವರಲ್ಲಿ ಕೇಳಿಕೊಳ್ಳುವುದು, ಈ ಐದೂ ಬಸ್ ನಿಲ್ದಾಣಗಳಲ್ಲಿ ಸಂಜೆ ಹೊತ್ತು ತೆರೆದಿರುವ ಪಾರ್ಸೆಲ್ ಕಿಟಕಿ ಮತ್ತು ಮಂಗಳೂರಿಗೆ ಸರಕು ಬದಲಾಯಿಸುವ ಖಚಿತ ಸಮಯ. ಮಹಿಳಾ ಸಂಘದವರು ಹತ್ತು ಮನೆಯ ಪಾರ್ಸೆಲ್ ಒಂದೇ ಕಡೆ ಸೇರಿಸಿ ಒಂದೇ ಖಾತೆಯಲ್ಲಿ ಕಳಿಸಿದರೆ ಎತ್ತಿಕೊಂಡು ಹೋಗಲು ಗಾಡಿ ತಾನಾಗಿ ಬರುತ್ತದೆ. ಕರಾವಳಿಯ ಓದುಗರಲ್ಲಿ ಕೇಳುವುದು ಇಷ್ಟು: ಮನೆಯಿಂದ ಮಾರುವವರ ಹತ್ತಿರ ಸಿಒಡಿ ಕೇಳಬೇಡಿ. ನಂಬಿಕೆ ಬಾರದಿದ್ದರೆ ಹೋಗಿಬರುವ ಬಾಡಿಗೆಯಷ್ಟನ್ನಾದರೂ ಮೊದಲೇ ಹಾಕಿ, ಉಳಿದದ್ದು ಸಾಮಾನು ನೋಡಿದ ಮೇಲೆ ಕೊಡಿ. ಕೊಟ್ಟೂರಿನ ಆ ತಾಯಿ ಈಗ ಹಾಗೆಯೇ ಮಾಡುತ್ತಿದ್ದಾರೆ. ಆರ್ಡರ್ ಮೊದಲಿಗಿಂತ ಕಡಿಮೆಯಾಗಿದೆಯಂತೆ, ಆದರೆ ಹೋದ ಡಬ್ಬ ಯಾವುದೂ ಹಿಂದೆ ಬಂದಿಲ್ಲವಂತೆ.