ಪುಡಿಂಗ್ ಎಲ್ಲರಿಗೂ, ರಮ್ ಬೇಕಾದವರಿಗೆ

ಡಿಸೆಂಬರ್ ಕೊನೆಯ ವಾರ ಬಂತು ಅಂದ್ರೆ ಫ್ರೆಂಡ್ಸ್ ಗ್ರೂಪಿನಲ್ಲಿ ಅದೇ ಪ್ರಶ್ನೆ: 'ಯಾರು ಏನು ತರ್ತೀರಾ?' ಒಬ್ಬರು ಬಿರಿಯಾನಿ, ಒಬ್ಬರು ಚಿಪ್ಸು, ಮೂರು ಜನ ಪ್ಲಮ್ ಕೇಕು. ಸಿಹಿ ನಿಮ್ಮ ಪಾಲಿಗೆ ಬಂದಿದ್ದರೆ ಈ ಸಲ ರಮ್ ಸಾಸ್ ಜೊತೆ ಬ್ರೆಡ್ ಪುಡಿಂಗ್ ಮಾಡಿ. ಖರ್ಚು ಕಡಿಮೆ, ಕೆಲಸ ಸುಲಭ, ಎಂಟು ಜನಕ್ಕೆ ಧಾರಾಳವಾಗಿ ಸಾಕು.

ಇದು ಹುಟ್ಟಿದ್ದೇ ಉಳಿದ ಬ್ರೆಡ್ಡನ್ನು ಬಿಸಾಡಬಾರದು ಅನ್ನೋ ಲೆಕ್ಕಾಚಾರದಿಂದ. ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ಹಳೇ ಬ್ರೆಡ್ಡಿಗೆ ಹಾಲು, ಮೊಟ್ಟೆ, ಸಕ್ಕರೆ ಸೇರಿಸಿ ಬೇಯಿಸುತ್ತಿದ್ದರು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಅದರ ಮೇಲೆ ವಿಸ್ಕಿ ಸಾಸ್ ಸುರಿದರು. ಇವತ್ತಿಗೂ ಅದು ಆ ಊರಿನ ಹೆಸರುವಾಸಿ ಸಿಹಿ. ನಮ್ಮಲ್ಲಿ ಕ್ರಿಸ್ಮಸ್ ಕೇಕಿನ ಘಮ ಅಂದ್ರೆ ರಮ್. ಹಾಗಾಗಿ ಇಲ್ಲಿ ವಿಸ್ಕಿ ಜಾಗಕ್ಕೆ ಅದೇ ಬರಲಿ.

'ಬೇಯಿಸಿದ್ರೆ ಹೋಗುತ್ತೆ ಬಿಡಿ' ಅನ್ನೋದು ಪೂರ್ತಿ ನಿಜ ಅಲ್ಲ

ಪಾತ್ರೆ ಒಲೆ ಮೇಲೆ ಇಡೋ ಮುಂಚೆ ಒಂದು ವಿಷಯ. ರಮ್ ಹಾಕಿದ ಅಡುಗೆ ಬಗ್ಗೆ ಯಾರಾದರೂ ಹಿಂಜರಿದರೆ ಪಕ್ಕದಲ್ಲಿದ್ದವರು 'ಬೇಯಿಸಿದ್ದಲ್ವಾ, ಆಲ್ಕೋಹಾಲ್ ಎಲ್ಲಾ ಹಾರಿಹೋಗಿರುತ್ತೆ' ಅಂತ ಸಮಾಧಾನ ಹೇಳುತ್ತಾರೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕ ಬೇರೆಯೇ ಹೇಳುತ್ತದೆ. ಕುದಿಯುವುದಕ್ಕೆ ಸುರಿದು ತಕ್ಷಣ ಇಳಿಸಿದರೆ ಸುಮಾರು 85% ಆಲ್ಕೋಹಾಲ್ ಅಲ್ಲೇ ಉಳಿಯುತ್ತದೆ. ಬೆಂಕಿ ಹಚ್ಚಿ ಉರಿಸಿದರೂ 75%. ಅರ್ಧ ಗಂಟೆ ಬೇಯಿಸಿದರೆ 35%, ಒಂದು ಗಂಟೆ ಬೇಯಿಸಿದರೆ 25%. ಎರಡೂವರೆ ಗಂಟೆ ಆದ ಮೇಲೂ 5% ಇರುತ್ತದೆ.

ಕೂಟದಲ್ಲಿ ಮಕ್ಕಳು ಇರ್ತಾರೆ. ಗರ್ಭಿಣಿ ಇರಬಹುದು, ಎಷ್ಟೋ ಸಲ ಆಕೆ ಇನ್ನೂ ಯಾರಿಗೂ ಹೇಳಿರೋದಿಲ್ಲ. ಔಷಧಿ ಮುಗಿಯೋ ತನಕ ಮದ್ಯ ಬೇಡ ಅಂತ ಡಾಕ್ಟರ್ ಹೇಳಿದವರು, ಧರ್ಮದ ಕಾರಣಕ್ಕೆ ಮುಟ್ಟದವರು ಇರ್ತಾರೆ. ಕಷ್ಟಪಟ್ಟು ಕುಡಿತ ಬಿಟ್ಟವರು ಇರ್ತಾರೆ; ಅವರಿಗೆ ಪ್ರಮಾಣ ಎಷ್ಟು ಅನ್ನೋದಕ್ಕಿಂತ ಆ ರುಚಿ ಮತ್ತೆ ನಾಲಿಗೆಗೆ ತಾಕೋದೇ ದೊಡ್ಡ ಸಂಕಟ. ಇವರು ಯಾರೂ ಎಲ್ಲರೆದುರು ಕಾರಣ ಹೇಳೋ ಹಾಗೆ ಆಗಬಾರದು.

ಅದಕ್ಕೇ ನಮ್ಮ ನಿಯಮ ಒಂದೇ: ಪುಡಿಂಗಿನಲ್ಲಿ ರಮ್ ಇಲ್ಲ, ಸಾಸಿನಲ್ಲಿ ಮಾತ್ರ. ಅದೂ ಅರ್ಧ ಸಾಸಿನಲ್ಲಿ.

ಪುಡಿಂಗಿಗೆ ಬೇಕಾದದ್ದು

ಬ್ರೆಡ್ 8 ಸ್ಲೈಸ್, ಹಾಲು 600 ಮಿ.ಲೀ., ಮೊಟ್ಟೆ 4, ಸಕ್ಕರೆ 75 ಗ್ರಾಂ, ಬೆಣ್ಣೆ 25 ಗ್ರಾಂ, ಒಣದ್ರಾಕ್ಷಿ 50 ಗ್ರಾಂ, ಒಂದು ಹಿಡಿ ಗೋಡಂಬಿ, ಚಿಟಿಕೆ ಜಾಯಿಕಾಯಿ ಪುಡಿ, ಚಿಟಿಕೆ ಉಪ್ಪು. ಅಯ್ಯಂಗಾರ್ ಬೇಕರಿಯ ಸಿಹಿ ಬ್ರೆಡ್ ಆದರೆ ಸಕ್ಕರೆ 60 ಗ್ರಾಂ ಸಾಕು.

ಸಾಸಿಗೆ

ಬೆಣ್ಣೆ 50 ಗ್ರಾಂ, ಬ್ರೌನ್ ಶುಗರ್ 100 ಗ್ರಾಂ, 200 ಮಿ.ಲೀ. ಫ್ರೆಶ್ ಕ್ರೀಮಿನ ಒಂದು ಪ್ಯಾಕೆಟ್, ಚಿಟಿಕೆ ಉಪ್ಪು, ಡಾರ್ಕ್ ರಮ್ 30 ಮಿ.ಲೀ.

ಮಾಡೋದು ಹೀಗೆ

1. ನಿನ್ನೆ ಮೊನ್ನೆಯ ಬ್ರೆಡ್ ಒಳ್ಳೆಯದು. ಒಣಗಿದ ಬ್ರೆಡ್ ಹಾಲನ್ನು ಚೆನ್ನಾಗಿ ಹೀರಿಕೊಂಡರೂ ಮುದ್ದೆಯಾಗಲ್ಲ. ತಾಜಾ ಬ್ರೆಡ್ ಮಾತ್ರ ಇದ್ದರೆ ತುಂಡು ಮಾಡಿ 150 ಡಿಗ್ರಿಯಲ್ಲಿ 10 ನಿಮಿಷ ಒಣಗಿಸಿ, ಇಲ್ಲವೇ ತವಾ ಮೇಲೆ ಬಿಸಿ ಮಾಡಿ. ಬೂಸ್ಟು ಹಿಡಿದಿದ್ದರೆ ಮಾತ್ರ ಪೂರ್ತಿ ಬಿಸಾಡಿ. ಆ ಭಾಗ ಕಿತ್ತು ಬಳಸಬೇಡಿ.

2. ದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸಬೇಡಿ. ನಿಯಮ ಮುರಿಯೋದು ಇಲ್ಲೇ! ಬಿಸಿ ಟೀ ಡಿಕಾಕ್ಷನ್‌ನಲ್ಲಿ ಅಥವಾ ಕಿತ್ತಳೆ ರಸದಲ್ಲಿ ನೆನೆಸಿ, ಸೋಸಿಟ್ಟುಕೊಳ್ಳಿ.

3. ಹಾಲು, ಸಕ್ಕರೆ, ಉಪ್ಪು, ಜಾಯಿಕಾಯಿ ಉಗುರುಬೆಚ್ಚಗೆ ಮಾಡಿ, ಒಡೆದು ಕಲಸಿದ ಮೊಟ್ಟೆಗೆ ನಿಧಾನವಾಗಿ ಸುರಿಯಿರಿ. ಹಾಲು ಕುದಿಯುತ್ತಿದ್ದರೆ ಮೊಟ್ಟೆ ಒಡಕೊಳ್ಳುತ್ತದೆ, ಹುಷಾರು.

4. ಬೆಣ್ಣೆ ಸವರಿದ ಪಾತ್ರೆಯಲ್ಲಿ ಬ್ರೆಡ್ ತುಂಡು, ದ್ರಾಕ್ಷಿ, ಗೋಡಂಬಿ ಹರಡಿ, ಹಾಲು ಸುರಿದು ಅರ್ಧ ಗಂಟೆ ಬಿಡಿ. ಉಳಿದ ಬೆಣ್ಣೆಯನ್ನು ಮೇಲೆ ಚೂರು ಚೂರು ಹಾಕಿ.

5. ದೊಡ್ಡ ಟ್ರೇಯಲ್ಲಿ ಬಿಸಿನೀರಿಟ್ಟು, ಅದರೊಳಗೆ ಈ ಪಾತ್ರೆ ಕೂರಿಸಿ 170 ಡಿಗ್ರಿಯಲ್ಲಿ 40–45 ನಿಮಿಷ ಬೇಯಿಸಿ. ಓವನ್ ಇಲ್ವಾ? ಪಾತ್ರೆಗೆ ಫಾಯಿಲ್ ಮುಚ್ಚಿ ಇಡ್ಲಿ ಪಾತ್ರೆಯಲ್ಲಿ ಮಧ್ಯಮ ಉರಿಯಲ್ಲಿ 35–40 ನಿಮಿಷ ಹಬೆಗಿಡಿ. ನಡುಭಾಗ ಸ್ವಲ್ಪ ನಡುಗುತ್ತಿರುವಾಗಲೇ ಇಳಿಸಿ; ಆರುತ್ತಾ ಗಟ್ಟಿಯಾಗುತ್ತದೆ. ಜಾಸ್ತಿ ಬೆಂದರೆ ನೀರು ಬಿಡುತ್ತದೆ.

6. ಸಾಸಿಗೆ ಬೆಣ್ಣೆ ಕರಗಿಸಿ, ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ 3 ನಿಮಿಷ ಕೈಯಾಡಿಸಿ. ಕ್ರೀಮ್, ಉಪ್ಪು ಸೇರಿಸಿ ಇನ್ನೆರಡು ನಿಮಿಷ ಬಿಡಿ. ಅರ್ಧವನ್ನು ಬೇರೆ ಬಟ್ಟಲಿಗೆ ಹಾಕಿ, ಅದಕ್ಕೆ ಎರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಬೆರೆಸಿ. ಮಕ್ಕಳೇ ಜಾಸ್ತಿ ಇದ್ದರೆ ಕಾಫಿ ಬದಲು ಏಲಕ್ಕಿ ಹಾಕಿ.

7. ಈಗ ಗ್ಯಾಸ್ ಆರಿಸಿ. ಆಮೇಲೆ ಉಳಿದರ್ಧಕ್ಕೆ ರಮ್. ಬಾಟ್ಲಿಯಿಂದ ನೇರವಾಗಿ ಸುರಿಯಬೇಡಿ. ಅಳತೆ ಲೋಟದಲ್ಲಿ ತಗೊಂಡು ಹಾಕಿ. ಉರಿಯೋ ಒಲೆ ಹತ್ತಿರ ಬಾಟ್ಲಿ ಬಗ್ಗಿಸಿದರೆ ಬೆಂಕಿ ಹತ್ತಿಕೊಳ್ಳಬಹುದು.

30 ಮಿ.ಲೀ. ಅಂದ್ರೆ ಒಂದು ಸ್ಮಾಲ್ ಪೆಗ್. ನಾಲ್ಕು ಜನ ಹಂಚಿಕೊಂಡರೆ ಒಬ್ಬರಿಗೆ ಅದರ ಕಾಲು ಭಾಗ. ಘಮಕ್ಕೆ ಅಷ್ಟು ಸಾಕು. ಜಾಸ್ತಿ ಹಾಕಿದರೆ ಕಹಿ ಮುಂದೆ ಬಂದು, ಬೆಣ್ಣೆ-ಸಕ್ಕರೆಯ ರುಚಿ ಹಿಂದೆ ಸರಿಯುತ್ತದೆ.

ಮೊಟ್ಟೆ ತಿನ್ನದವರಿಗೆ

ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಕಸ್ಟರ್ಡ್ ಪೌಡರ್ ಮಾಡಿದ್ದೇ ಮೊಟ್ಟೆ ಒಗ್ಗದ ಹೆಂಡತಿಗಾಗಿ. ಅದೇ ಉಪಾಯ ನಮಗೂ ಆಗುತ್ತದೆ. ಮೊಟ್ಟೆ ಬಿಟ್ಟು, ಮೂರು ದೊಡ್ಡ ಚಮಚ ಕಸ್ಟರ್ಡ್ ಪೌಡರನ್ನು ಸ್ವಲ್ಪ ತಣ್ಣನೆ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ, ಸಕ್ಕರೆ ಹಾಕಿ ಕುದಿಯುತ್ತಿರೋ ಉಳಿದ ಹಾಲಿಗೆ ಸೇರಿಸಿ. ದೋಸೆ ಹಿಟ್ಟಿಗಿಂತ ತುಸು ತೆಳ್ಳಗಿರುವಾಗಲೇ ಬ್ರೆಡ್ ಮೇಲೆ ಸುರಿದು, 180 ಡಿಗ್ರಿಯಲ್ಲಿ 25 ನಿಮಿಷ ಬೇಯಿಸಿ.

ಬಡಿಸುವಾಗ

ಪುಡಿಂಗ್ ಬೆಚ್ಚಗಿರಲಿ. ಎರಡು ಸಾಸನ್ನೂ ಬೇರೆ ಬೇರೆ ಬಣ್ಣದ ಬಟ್ಟಲಲ್ಲಿಟ್ಟು, 'ರಮ್ ಇದೆ', 'ರಮ್ ಇಲ್ಲ' ಅಂತ ದೊಡ್ಡದಾಗಿ ಚೀಟಿ ಅಂಟಿಸಿ. ಚಮಚ ಕೂಡ ಎರಡು. ರಮ್ ಬಟ್ಟಲು ಮಕ್ಕಳ ಕೈಗೆ ಎಟುಕದ ಕಡೆ ಇರಲಿ. ಗಾಡಿ ಓಡಿಸಿಕೊಂಡು ಮನೆಗೆ ಹೋಗೋರಿಗೆ ಇನ್ನೊಂದು ಬಟ್ಟಲನ್ನೇ ಮುಂದೆ ಮಾಡಿ. ಮೊಟ್ಟೆ ಹಾಕಿದ್ದರೆ ಅದನ್ನೂ ಬರೆಯಿರಿ.

ಯಾರಾದರೂ 'ರಮ್ ಇಲ್ಲದ್ದು' ಬಡಿಸಿಕೊಂಡರೆ ಯಾಕೆ ಅಂತ ಕೇಳಬೇಡಿ. 'ಇನ್ನೊಂದು ಚಮಚ ಹಾಕ್ಲಾ?' ಅಂತ ಕೇಳಿ, ಅಷ್ಟೇ.